ಪರೀಕ್ಷೆಯಲ್ಲಿ ಶುದ್ಧ ನೀರು, ಟ್ಯಾಂಕಿನಲ್ಲಿ ರೋಗ: ಮನೆಯಲ್ಲಿ ಸಾಕಿದ ಒಂದು ಜೋಡಿ ಕಡಲಕುದುರೆಗಳ ಪ್ರಕರಣ

ಗಂಡು ಕಡಲಕುದುರೆ ಮರಿಗಳನ್ನು ಹೊರುವ ಮರಿಚೀಲದಲ್ಲಿ ಗಾಳಿ ತುಂಬಿಕೊಳ್ಳುವ ಕಾಯಿಲೆ, ಇವನ್ನು ಮನೆಯ ಟ್ಯಾಂಕಿನಲ್ಲಿ ಸಾಕುವ ಹವ್ಯಾಸದವರಿಗೆ ಅಪರೂಪದ್ದೇನಲ್ಲ. ಅದಕ್ಕೆ ಮದ್ದಿದೆ, ಮದ್ದು ಬಹಳಷ್ಟು ಸಲ ಕೆಲಸವನ್ನೂ ಮಾಡುತ್ತದೆ. ಆದರೂ ಈ ಪ್ರಕರಣವನ್ನು ವಿವರವಾಗಿ ದಾಖಲಿಸಲು ಕಾರಣವಿದೆ: ಇಲ್ಲಿ ಮದ್ದು ಕೊಟ್ಟಾಗಲೆಲ್ಲ ಫಲಿಸಿತು, ಫಲಿಸಿದ ಮೇಲೆ ಕಾಯಿಲೆ ಮರಳುತ್ತಲೇ ಹೋಯಿತು, ಮತ್ತು ಆ ಇಡೀ ಅವಧಿಯಲ್ಲಿ ನೀರಿನ ಪರೀಕ್ಷೆಗಳಲ್ಲಿ ಒಂದೇ ಒಂದು ದೋಷವೂ ಕಾಣಲಿಲ್ಲ. ಪರೀಕ್ಷೆಯ ಅಂಕಿಗಳನ್ನು ನಂಬಿದ್ದರಿಂದಲೇ ಕಾರಣದ ಹುಡುಕಾಟ ತಡವಾಯಿತು ಎಂಬುದು ನನ್ನ ಅಭಿಪ್ರಾಯ.

ಸಾಕಿದವರನ್ನು ಇಲ್ಲಿ ಶ್ರೀಮತಿ ಕ ಎಂದು ಕರೆದಿದ್ದೇನೆ. ಗುರುತು ಹತ್ತದಂತೆ ಊರು, ಉದ್ಯೋಗ, ಮನೆಯ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ನನ್ನ ಪಾತ್ರ ಸಲಹೆ ಕೇಳಿದಾಗ ಉತ್ತರಿಸಿದ್ದಕ್ಕೆ ಮತ್ತು ಅವರು ಬರೆದಿಟ್ಟ ದಿನಚರಿಯನ್ನು ಓದಿದ್ದಕ್ಕೆ ಸೀಮಿತ.

ಹಿನ್ನೆಲೆ

ಶ್ರೀಮತಿ ಕ ಅವರು ಮಲೆನಾಡಿನ ಕಡೆಯವರು. ಅಮೆರಿಕದ ಪೂರ್ವ ಕರಾವಳಿಯ ಒಂದು ನಗರದಲ್ಲಿ ಪತಿಯೊಂದಿಗೆ ಅಪಾರ್ಟ್‌ಮೆಂಟಿನಲ್ಲಿ ವಾಸ. ಇಬ್ಬರೂ ಹಗಲಿನಲ್ಲಿ ಕೆಲಸಕ್ಕೆ ಹೋಗುವವರು. ಮನೆಯ ಹಾಲ್‌ನಲ್ಲಿ 29 ಗ್ಯಾಲನ್‌, ಅಂದರೆ ಸುಮಾರು 110 ಲೀಟರ್ ಹಿಡಿಯುವ ಉಪ್ಪುನೀರಿನ ಟ್ಯಾಂಕ್ ಎರಡು ವರ್ಷಗಳಿಂದ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು. ಅದರಲ್ಲಿ ಎರಡು ಕ್ಲೌನ್ ಮೀನುಗಳು, ಕೆಲವು ಮೃದು ಹವಳಗಳು, ಒಂದು ಕಡಲ ಹೂವು (ಹೂವಿನಂತೆ ಕಾಣುವ, ಕುಟುಕುವ ಸೀ ಅನೆಮನಿ ಪ್ರಾಣಿ) ಇದ್ದವು. ಕಡಲಕುದುರೆ ತರಬೇಕೆಂದು ನಿರ್ಧರಿಸಿದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಇವೆಲ್ಲವನ್ನೂ ಬೇರೆ ಹವ್ಯಾಸಿಗಳಿಗೆ ಕೊಟ್ಟದ್ದು. ಈ ನಿರ್ಧಾರ ಸರಿಯಾಗಿತ್ತು. ಕಡಲಕುದುರೆ ನಿಧಾನವಾಗಿ ಈಜುವ ಪ್ರಾಣಿ. ಆಹಾರವನ್ನು ಒಂದು ಕಣ್ಣಿನಿಂದ ಅಳೆದು ನೋಡಿ, ಮೂತಿಯನ್ನು ಹತ್ತಿರ ಒಯ್ದು, ಆಮೇಲೆ ಚಟಕ್ಕನೆ ಹೀರಿಕೊಳ್ಳುತ್ತದೆ. ಅಷ್ಟರಲ್ಲಿ ಕ್ಲೌನ್ ಮೀನು ತಟ್ಟೆ ಖಾಲಿ ಮಾಡಿರುತ್ತದೆ. ಬಾಲ ಸುತ್ತಿಕೊಳ್ಳಲು ಆಸರೆ ಹುಡುಕುವ ಕಡಲಕುದುರೆ ಕಡಲ ಹೂವನ್ನೇ ಹಿಡಿದು ಸುಟ್ಟುಕೊಂಡ ಉದಾಹರಣೆಗಳೂ ಸಾಕಷ್ಟಿವೆ.

ಮೀನುಗಳನ್ನು ಕೊಟ್ಟ ಮೇಲೆ ಟ್ಯಾಂಕಿನಲ್ಲಿ ಉಳಿದದ್ದು ಮರಳು, ಸುಮಾರು 15 ಕಿಲೋ ಲೈವ್ ರಾಕ್ (ಬ್ಯಾಕ್ಟೀರಿಯಾಗಳು ನೆಲೆಸಿದ ಸಮುದ್ರದ ಕಲ್ಲು), ಬಸವನಹುಳುಗಳು ಮತ್ತು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಕುಳಿತ ಒಂದು ಕ್ಯಾನಿಸ್ಟರ್ ಫಿಲ್ಟರ್, ಅಂದರೆ ಮುಚ್ಚಿದ ಡಬ್ಬಿಯೊಳಗೆ ನೀರು ಸೋಸುವ ಸಾಧನ. ಹೊಲಸು ಕೊಳೆತು ನೀರಿನಲ್ಲಿ ಕೊನೆಗೆ ಉಳಿಯುವ ನೈಟ್ರೇಟನ್ನು ಹೀರಲೆಂದು ತಂತಿಯ ಉಂಡೆಯಂತೆ ಬೆಳೆಯುವ ಕೀಟೋಮಾರ್ಫಾ ಪಾಚಿಯನ್ನು ಅವರು ಟ್ಯಾಂಕಿನ ಒಂದು ಮೂಲೆಯಲ್ಲಿ ಬೆಳೆಸಿದರು. ಈ ಪಾಚಿ ಮುಂದೆ ಕಥೆಯಲ್ಲಿ ಮತ್ತೆ ಬರುತ್ತದೆ.

ಫೆಬ್ರವರಿಯಲ್ಲಿ ಒಂದು ಗಂಡು, ಒಂದು ಹೆಣ್ಣು ಬಂದವು. ತಳಿ ಹಿಪ್ಪೊಕ್ಯಾಂಪಸ್ ಎರೆಕ್ಟಸ್. ಕೆನಡಾದ ನೋವಾ ಸ್ಕಾಟಿಯಾದಿಂದ ಕೆರಿಬಿಯನ್ ಸಮುದ್ರದವರೆಗೆ ಅಟ್ಲಾಂಟಿಕ್ ಕರಾವಳಿಯಲ್ಲಿ ಬದುಕುವ ಜಾತಿ. ಎರಡೂ ಸಾಕಣೆಯಲ್ಲೇ ಹುಟ್ಟಿ, ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿ ತಿನ್ನಲು ಕಲಿತಿದ್ದವು. ಇಲ್ಲಿ ಇನ್ನೊಂದು ಒಳ್ಳೆಯ ನಿರ್ಧಾರವನ್ನು ಗುರುತಿಸಬೇಕು. ಅಂಗಡಿಗಳಲ್ಲಿ ‘ಸಾಕಿದ ಕಡಲಕುದುರೆ’ ಎಂಬ ಹೆಸರಿನಲ್ಲಿ ಸಮುದ್ರದ ನೀರನ್ನೇ ನೇರವಾಗಿ ಹರಿಸಿಕೊಂಡು ಬಲೆ ಕಟ್ಟಿದ ಆವರಣದಲ್ಲಿ ಬೆಳೆಸಿದವುಗಳೂ ಮಾರಾಟಕ್ಕೆ ಬರುತ್ತವೆ. ಅವು ಪರೋಪಜೀವಿಗಳನ್ನು ಹೊತ್ತು ತರುವ ಸಂಭವ ಹೆಚ್ಚು, ಹೆಪ್ಪುಗಟ್ಟಿಸಿದ ಆಹಾರ ಮುಟ್ಟದೆ ಸೊರಗುವುದೂ ಉಂಟು. ಶ್ರೀಮತಿ ಕ ಅಂಥವನ್ನು ಬಿಟ್ಟು, ತಳಿ ಬೆಳೆಸುವವರಿಂದಲೇ ನೇರವಾಗಿ ತರಿಸಿಕೊಂಡರು.

ಇದನ್ನು ಭಾರತದಲ್ಲಿ ಓದುತ್ತಿರುವವರು ಗಮನಿಸಬೇಕಾದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕಡಲಕುದುರೆಗಳನ್ನೂ ಅವುಗಳ ಹತ್ತಿರದ ಬಂಧುಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಗಳಿಂದ ಒಣಗಿಸಿದ ಕಡಲಕುದುರೆಗಳು ಔಷಧಿಯ ಹೆಸರಿನಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದದ್ದು ಈ ಕ್ರಮದ ಹಿನ್ನೆಲೆಯಲ್ಲಿತ್ತು. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೂ ಇಡೀ ಕುಲ ಸೇರಿದ್ದು, ಆ ನಿಯಮ 2004ರಿಂದ ಜಾರಿಯಲ್ಲಿದೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಯಾರಾದರೂ ಗುಟ್ಟಾಗಿ ತೋರಿಸಿದರೂ ಕೊಳ್ಳಲು ಹೋಗಬಾರದು. ಈ ಪ್ರಕರಣದ ವಿವರಗಳು ಕಾನೂನು ಅನುಮತಿಸುವ ದೇಶದಲ್ಲಿ, ಸಾಕಣೆಯಲ್ಲಿ ಹುಟ್ಟಿದ ಪ್ರಾಣಿಗಳಿಗೆ ಮಾತ್ರ ಅನ್ವಯಿಸುತ್ತವೆ.

ಮೊದಲ ಲಕ್ಷಣ, ಮೊದಲ ತಪ್ಪು ಓದು

ಮೇ ತಿಂಗಳವರೆಗೆ ದಿನಚರಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಬೆಳಗ್ಗೆ ಆರೂವರೆಗೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ಆಹಾರ. ಬೆಳಗಿನ ಆಹಾರದ ಹೊತ್ತಿಗೆ ಉಷ್ಣತೆ ನೋಡಿ ಬರೆಯುವುದು, ಭಾನುವಾರ ಬೆಳಗ್ಗೆ ನೀರಿನ ಪರೀಕ್ಷೆ, ಎರಡು ವಾರಕ್ಕೊಮ್ಮೆ ನೀರಿನ ಐದನೇ ಒಂದು ಭಾಗ ಬದಲಾವಣೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 5ರ ಆಸುಪಾಸು, ಪಿಎಚ್ 8.2, ಉಪ್ಪಿನ ಸಾಂದ್ರತೆ 1.024, ಉಷ್ಣತೆ 23ರಿಂದ 24 ಡಿಗ್ರಿ ಸೆಲ್ಸಿಯಸ್. ಬೆಳಗ್ಗೆ ದೀಪ ಹತ್ತಿದೊಡನೆ ಜೋಡಿ ಬಣ್ಣ ತಿಳಿಯಾಗಿಸಿಕೊಂಡು, ಒಂದೇ ಆಸರೆಗೆ ಬಾಲ ಸುತ್ತಿ ಸುತ್ತುತ್ತಿದ್ದುದನ್ನು ಶ್ರೀಮತಿ ಕ ಹಲವು ಸಲ ಬರೆದಿದ್ದಾರೆ.

ಜೂನ್ ಎರಡನೆಯ ವಾರದಲ್ಲಿ ಗಂಡಿನ ಮರಿಚೀಲ ಊದಿಕೊಂಡಿತು. ಮನೆಯವರಿಗೆ ಸಂತೋಷ. ಕಡಲಕುದುರೆಗಳಲ್ಲಿ ಹೆಣ್ಣು ಮೊಟ್ಟೆಗಳನ್ನು ಗಂಡಿನ ಚೀಲಕ್ಕೆ ದಾಟಿಸುತ್ತದೆ. ಗರ್ಭ ಹೊರುವುದು, ಹೆರುವುದು ಗಂಡಿನ ಪಾಲು, ಮತ್ತು ಈ ಜಾತಿಯಲ್ಲಿ ಅದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಆದ್ದರಿಂದ ಅವರು ಕಾದರು. ಐದನೆಯ ದಿನ ಗಂಡು ಬಾಲ ಬಿಟ್ಟೊಡನೆ ಬೆಂಡಿನ ತುಂಡಿನ ಹಾಗೆ ಮೇಲಕ್ಕೆ ಏಳತೊಡಗಿತು. ಗರ್ಭ ಹೊತ್ತ ಗಂಡು ತೇಲುವುದಿಲ್ಲ. ಭಾರವಾಗಿ, ಮಂದವಾಗಿ ತಳದ ಕಡೆಗೇ ಇರುತ್ತದೆ. ಬಾಲದ ಕಡೆ ಮೇಲೆದ್ದು ತೇಲಿದರೆ ಚೀಲದಲ್ಲಿರುವುದು ಮರಿಗಳಲ್ಲ, ಗಾಳಿ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಆ ಐದು ದಿನಗಳು ಉಳಿಯುತ್ತಿದ್ದವು. ಊದಿದ ಚೀಲ ಕಂಡಾಗ ಎಲ್ಲರಿಗೂ ಮೊದಲು ಹೊಳೆಯುವುದು ಬಸಿರೇ ಆದ್ದರಿಂದ ಇದನ್ನು ಅವರ ಮೇಲಿನ ಆಕ್ಷೇಪಣೆಯಾಗಿ ಹೇಳುತ್ತಿಲ್ಲ.

ಮೊದಲ ಚಿಕಿತ್ಸೆ ಚೀಲವನ್ನು ಮೃದುವಾಗಿ ಒತ್ತಿ ಗಾಳಿ ಹೊರಡಿಸುವುದು. ನೀರಿನೊಳಗೇ, ಅನುಭವಿಯೊಬ್ಬರು ವಿಡಿಯೊ ಕರೆಯಲ್ಲಿ ಹೇಳಿಕೊಟ್ಟಂತೆ ಮಾಡಿದರು. ಗುಳ್ಳೆಗಳು ಹೊರಬಿದ್ದವು, ಗಂಡು ಅದೇ ಸಂಜೆ ನೆಟ್ಟಗೆ ನಿಂತು ಮೈಸಿಸ್ ತಿಂದಿತು. ವಾರ ಕಳೆಯುವಷ್ಟರಲ್ಲಿ ಚೀಲ ಮತ್ತೆ ಊದಿತು. ಎರಡನೆಯ ಸಲ ಅವರು ಮೀನುಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯರನ್ನು ಹುಡುಕಿ ಹೋದರು. ವೈದ್ಯರು ಅಸೆಟಜೋಲಮೈಡ್ ಬರೆದುಕೊಟ್ಟರು. ಮನುಷ್ಯರಲ್ಲಿ ಕಣ್ಣಿನ ಒತ್ತಡ ಇಳಿಸಲು ಕೊಡುವ ಈ ಮದ್ದನ್ನು ಕಡಲಕುದುರೆಯ ಗಾಳಿಗುಳ್ಳೆ ರೋಗಕ್ಕೆ ಬಹುಕಾಲದಿಂದ ಬಳಸುತ್ತಾರೆ. ಮದ್ದಿನ ಪ್ರಮಾಣವನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಅದು ವೈದ್ಯರು ಪ್ರಾಣಿಯನ್ನು ಕಂಡು ನಿರ್ಧರಿಸಬೇಕಾದದ್ದು. ಮಲಗುವ ಕೋಣೆಯಲ್ಲಿ 38 ಲೀಟರ್‌ನ ಆಸ್ಪತ್ರೆ ಟ್ಯಾಂಕ್ ಇಟ್ಟು, ಮರಳು ಕಲ್ಲು ಏನೂ ಹಾಕದೆ, ದಿನವೂ ನೀರು ಬದಲಿಸಿ, ಮದ್ದು ಕೊಟ್ಟರು. ನಾಲ್ಕನೆಯ ದಿನಕ್ಕೆ ಗಂಡು ಪೂರ್ಣ ಸುಧಾರಿಸಿತು. ಹಾಲ್‌ನ ಟ್ಯಾಂಕಿಗೆ ಮರಳಿದ ಎರಡು ವಾರಗಳಲ್ಲಿ ಮತ್ತೆ ಅದೇ ಕಥೆ. ಜುಲೈ ಕೊನೆಯ ಹೊತ್ತಿಗೆ ಈ ಸುತ್ತು ಮೂರನೆಯ ಸಲ ತಿರುಗಿತ್ತು.

ಆ ವೇಳೆಗೆ ಹೆಣ್ಣಿನ ಬಾಲದ ತುದಿಯಲ್ಲಿ ಬಿಳಿಚಿದ ಕಲೆ ಕಾಣಿಸಿಕೊಂಡಿತು. ಎಲ್ಲರ ಕಣ್ಣೂ ಗಂಡಿನ ಚೀಲದ ಮೇಲಿದ್ದುದರಿಂದ ಅದು ಮೊದಲ ದಿನವೇ ಕಂಡಿತೋ ಇಲ್ಲವೋ ಹೇಳಲಾಗದು. ಚರ್ಮ ಕಿತ್ತು ಹುಣ್ಣಾದ ಮೇಲೆ ಪ್ರತಿಜೀವಕ ಆರಂಭಿಸಿದರು. ಹೆಣ್ಣು ಆಹಾರ ಬಿಟ್ಟಿತು, ಆಗಸ್ಟ್ ಮೊದಲ ವಾರ ಸತ್ತಿತು.

ತಿರುವು

ಹೆಣ್ಣು ಸತ್ತ ಮರುದಿನ ಶ್ರೀಮತಿ ಕ ನನಗೆ ಬರೆದರು. ಅವರ ಪ್ರಶ್ನೆ ಇಷ್ಟೇ: ಗಂಡಿಗೆ ಮುಂದೆ ಯಾವ ಪ್ರತಿಜೀವಕ ಕೊಡಬೇಕು? ಜೊತೆಗೆ ಆರು ತಿಂಗಳ ಪರೀಕ್ಷೆಯ ಅಂಕಿಗಳನ್ನು ಕಳಿಸಿದ್ದರು. ಅಂಕಿಗಳು ಅಷ್ಟು ಚೆನ್ನಾಗಿದ್ದವು ಎಂದರೆ, ಅವನ್ನು ನೋಡಿದ ಯಾರಾದರೂ ನೀರನ್ನು ಬಿಟ್ಟು ಬೇರೆಡೆ ಕಾರಣ ಹುಡುಕುತ್ತಿದ್ದರು. ನನ್ನ ಗಮನ ಸೆಳೆದದ್ದು ಆ ಅಂಕಿಗಳಲ್ಲ, ರೋಗ ಬಂದುಹೋದ ಕ್ರಮ. ಮಲಗುವ ಕೋಣೆಯ ಬರಿಯ ಟ್ಯಾಂಕಿನಲ್ಲಿ ಗಂಡು ಒಮ್ಮೆಯೂ ಕಾಯಿಲೆ ಬಿದ್ದಿರಲಿಲ್ಲ. ಹಾಲ್‌ನ ಟ್ಯಾಂಕಿಗೆ ಹೋದಾಗಲೆಲ್ಲ ಬಿದ್ದಿತ್ತು. ಗುಣವಾದದ್ದು ಮದ್ದಿನಿಂದಲೋ ಸ್ಥಳ ಬದಲಾದ್ದರಿಂದಲೋ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಾರೂ ಉದ್ದೇಶಿಸದೆಯೇ ಅಲ್ಲಿ ಒಂದು ಪ್ರಯೋಗ ನಡೆದುಹೋಗಿತ್ತು, ಫಲಿತಾಂಶವೂ ದಿನಚರಿಯಲ್ಲಿ ದಾಖಲಾಗಿತ್ತು.

ಆದ್ದರಿಂದ ಎರಡು ಕೆಲಸ ಮಾಡಲು ಹೇಳಿದೆ. ಒಂದು, ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಇಡುವುದು. ಇನ್ನೊಂದು, ಕ್ಯಾನಿಸ್ಟರ್ ಫಿಲ್ಟರನ್ನು ಬಿಚ್ಚಿ ಒಳಗಿನದನ್ನು ಬಕೆಟ್ಟಿಗೆ ಸುರಿದು ನೋಡುವುದು.

ಥರ್ಮಾಮೀಟರ್ ಬರುವ ಮೊದಲೇ ಉಷ್ಣತೆಯ ಸಂಗತಿ ಬೇರೊಂದು ಬಾಯಿಂದ ಹೊರಬಿತ್ತು. ಮೇ ತಿಂಗಳಲ್ಲಿ ಶ್ರೀಮತಿ ಕ ಅವರ ತಾಯಿ ಊರಿನಿಂದ ಬಂದಿದ್ದರು. ಹಗಲೆಲ್ಲ ಮನೆಯಲ್ಲಿರುತ್ತಿದ್ದವರು ಅವರೊಬ್ಬರೇ. ಮಗಳು ಫಿಲ್ಟರಿನ ಮಾತೆತ್ತಿದಾಗ ಅವರು ಸಹಜವಾಗಿ ಹೇಳಿದರಂತೆ: “ಬೆಳಗ್ಗೆ ನೀನು ನೋಡುವಾಗ ಸರಿಯಾಗೇ ಇರ್ತಾವೆ ಕಣೇ. ಮಧ್ಯಾಹ್ನ ಮೂರು ಗಂಟೆಗೆ ಬಂದು ನೋಡು, ಪಾಪ, ಕಿವಿರು ಬಡಕೊಂಡು ಬಡಕೊಂಡು ಮೇಲುಗಡೆಗೇ ಬಂದು ನಿಂತಿರ್ತದೆ.” ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ, “ನಾನು ಬಂದಾಗಿಂದ ನೋಡ್ತಾನೇ ಇದ್ದೀನಲ್ಲ, ಅದರ ಸ್ವಭಾವವೇ ಹಾಗೆ ಅಂದ್ಕೊಂಡೆ” ಎಂಬ ಉತ್ತರ.

ಮಲೆನಾಡಿನಿಂದ ಬಂದ ಹಿರಿಯರಿಗೆ ಅಮೆರಿಕದ ಮನೆಗಳ ಎಸಿ ಸಹಿಸಲಾಗದಷ್ಟು ಚಳಿ ಎಂಬುದು ಅಲ್ಲಿ ನೆಲೆಸಿದ ಎಲ್ಲ ಕನ್ನಡ ಮನೆಗಳಿಗೂ ಗೊತ್ತಿರುವ ವಿಷಯ. ಮಗಳು ಅಳಿಯ ಕೆಲಸಕ್ಕೆ ಹೊರಟ ಮೇಲೆ ತಾಯಿ ಎಸಿಯನ್ನು 79 ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 26 ಸೆಲ್ಸಿಯಸ್‌ಗೆ ಏರಿಸುತ್ತಿದ್ದರು. ಸಂಜೆ ಮಗಳು ಬಂದು 72ಕ್ಕೆ ಇಳಿಸುತ್ತಿದ್ದಳು. ಪಶ್ಚಿಮದ ಕಿಟಕಿಯ ಬಿಸಿಲು, ಟ್ಯಾಂಕಿನ ದೀಪ, ಪಂಪಿನ ಶಾಖ ಸೇರಿ ಮಧ್ಯಾಹ್ನದ ಹೊತ್ತಿಗೆ ನೀರು ಕೋಣೆಗಿಂತಲೂ ಬಿಸಿಯಾಗುತ್ತಿತ್ತು. ಹೊಸ ಥರ್ಮಾಮೀಟರ್ ಮೊದಲ ದಿನವೇ ತೋರಿಸಿದ್ದು: ಕನಿಷ್ಠ 24, ಗರಿಷ್ಠ 27.6. ರಾತ್ರಿಯಿಡೀ ತಣಿದ ನೀರನ್ನು ಬೆಳಗ್ಗೆ ಆರೂವರೆಗೆ ಅಳೆದು ಬರೆದದ್ದರಿಂದ ದಿನಚರಿಯಲ್ಲಿ 24ಕ್ಕಿಂತ ಹೆಚ್ಚಿನ ಅಂಕಿ ಬೀಳುವ ಸಾಧ್ಯತೆಯೇ ಇರಲಿಲ್ಲ.

27 ಡಿಗ್ರಿ ಎಂಬುದು ಹವಳದ ಟ್ಯಾಂಕಿಗೆ ಏನೂ ಅಲ್ಲ. ಆದರೆ ಮನೆಯ ಟ್ಯಾಂಕಿನ ಕಡಲಕುದುರೆಗಳನ್ನು 20ರಿಂದ 23 ಡಿಗ್ರಿಯೊಳಗೆ ಇಡಬೇಕೆಂದು ಅನುಭವಿಗಳು ಹೇಳುವುದಕ್ಕೆ ಕಾರಣವಿದೆ. ಅವುಗಳನ್ನು ಹೆಚ್ಚಾಗಿ ಕಾಡುವ ವಿಬ್ರಿಯೊ ಗುಂಪಿನ ಬ್ಯಾಕ್ಟೀರಿಯಾಗಳು ಬೆಚ್ಚಗಿನ ನೀರಿನಲ್ಲಿ ಬೇಗ ಹೆಚ್ಚುತ್ತವೆ, ಉಗ್ರವೂ ಆಗುತ್ತವೆ. ಅದೇ ವೇಳೆ ಬೆಚ್ಚಗಿನ ನೀರು ಹಿಡಿದಿಡುವ ಆಮ್ಲಜನಕ ಕಡಿಮೆ. ಮುಕ್ತ ಸಮುದ್ರದಲ್ಲಿ ಇದೇ ಜಾತಿ ಇನ್ನೂ ಬೆಚ್ಚಗಿನ ನೀರಿನಲ್ಲಿ ಬದುಕುತ್ತದಲ್ಲ ಎಂದು ಕೇಳುವವರಿದ್ದಾರೆ. ಸಮುದ್ರದಲ್ಲಿ ಒಂದು ಪ್ರಾಣಿಯ ಪಾಲಿಗೆ ಬರುವ ನೀರಿನ ಪ್ರಮಾಣಕ್ಕೂ 110 ಲೀಟರಿಗೂ ಹೋಲಿಕೆಯಿಲ್ಲ ಎಂಬುದೇ ಅದಕ್ಕೆ ಉತ್ತರ.

ಬಕೆಟ್ಟಿನಲ್ಲಿ ಸಿಕ್ಕಿದ್ದು

ಫಿಲ್ಟರ್ ಬಿಚ್ಚಿದಾಗ ಹಾಲ್ ತುಂಬ ಕೊಳೆತ ಮೊಟ್ಟೆಯ ವಾಸನೆ ಹರಡಿತು. ಸ್ಪಂಜುಗಳ ನಡುವೆ ಕಂದು ಕೆಸರು, ಅದರೊಳಗೆ ಇನ್ನೂ ಆಕಾರ ಕಳೆದುಕೊಳ್ಳದ ಮೈಸಿಸ್ ಸಿಪ್ಪೆಗಳು. ಕಲ್ಲುಗಳನ್ನು ಒಂದೊಂದಾಗಿ ಎತ್ತಿದರೆ ಅವುಗಳ ಕೆಳಗೂ ಅದೇ.

ಇದರ ಮೂಲ ಕಡಲಕುದುರೆಯ ದೇಹರಚನೆಯಲ್ಲೇ ಇದೆ. ಅದಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ನುಂಗಿದ್ದು ಕರುಳಿನ ಮೂಲಕ ಬೇಗನೆ ಸಾಗಿ, ಅರೆ ಜೀರ್ಣವಾಗಿಯೇ ಹೊರಬೀಳುತ್ತದೆ. ಆದ್ದರಿಂದ ಮತ್ತೆ ಮತ್ತೆ ಉಣಿಸಬೇಕು; ಉಣಿಸಿದಷ್ಟೂ ಹೊಲಸು. ದಿನಕ್ಕೊಮ್ಮೆ ಚಿಟಿಕೆ ಆಹಾರ ಹಾಕಿದರೆ ಸಾಕೆನ್ನುವ ಮೀನಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಸಣ್ಣ ಟ್ಯಾಂಕಿನಲ್ಲಿ ಕಡಲಕುದುರೆ ಸಾಕುವವರ ನಿಜವಾದ ಬಿಕ್ಕಟ್ಟು ಇಲ್ಲಿದೆ: ಕಡಿಮೆ ಉಣಿಸಿದರೆ ಪ್ರಾಣಿ ಸೊರಗುತ್ತದೆ, ಬೇಕಾದಷ್ಟು ಉಣಿಸಿದರೆ ನೀರು ಕೆಡುತ್ತದೆ. ಮೇ ತಿಂಗಳಿಂದ ಈ ಮನೆಯಲ್ಲಿ ಮೂರನೆಯ ಊಟವೂ ಸೇರಿಕೊಂಡಿತ್ತು. ಮಧ್ಯಾಹ್ನ ಹಸಿದಿರುತ್ತವೆಂದು ತಾಯಿ ಹೆಪ್ಪುಗಟ್ಟಿದ ಮೈಸಿಸಿನ ಒಂದು ಚೌಕ ತುಂಡನ್ನು ಕರಗಿಸಿ ಸುರಿಯುತ್ತಿದ್ದರು. ಕಡಲಕುದುರೆಗೆ ಮೂರು ಹೊತ್ತು ಒಳ್ಳೆಯದೇ. ಆದರೆ ಟ್ಯಾಂಕಿನ ಅಗಲಕ್ಕೆ ಸುರಿದ ಆಹಾರದಲ್ಲಿ ತಿನ್ನದೆ ಉಳಿದದ್ದು ಕಲ್ಲಿನ ಸಂದಿಗೂ ಫಿಲ್ಟರಿನ ಹೊಟ್ಟೆಗೂ ಸೇರುತ್ತಿತ್ತು.

ಇಷ್ಟು ಕೊಳೆ ಇದ್ದೂ ಪರೀಕ್ಷೆ ಏಕೆ ಶುದ್ಧವೆಂದಿತು? ಟ್ಯಾಂಕ್ ಎರಡು ವರ್ಷ ಹಳೆಯದು; ಅಮೋನಿಯಾವನ್ನು ನೈಟ್ರೈಟಿಗೂ, ಅದನ್ನು ನೈಟ್ರೇಟಿಗೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕಲ್ಲಿನ ತುಂಬ ಬೇರೂರಿದ್ದವು. ಆದ್ದರಿಂದ ಮೊದಲೆರಡು ಸೊನ್ನೆ. ಕೊನೆಗೆ ಉಳಿಯಬೇಕಾದ ನೈಟ್ರೇಟನ್ನು ಮೂಲೆಯ ಕೀಟೋಮಾರ್ಫಾ ಪಾಚಿ ಹೀರಿಕೊಂಡು ದಷ್ಟಪುಷ್ಟವಾಗಿ ಬೆಳೆಯುತ್ತಿತ್ತು. ಶ್ರೀಮತಿ ಕ ಪ್ರತಿ ತಿಂಗಳೂ ಪಾಚಿಯನ್ನು ಹಿಡಿ ಹಿಡಿಯಾಗಿ ಕಿತ್ತು ಎಸೆಯುತ್ತಿದ್ದುದನ್ನು ಹೆಮ್ಮೆಯಿಂದಲೇ ಬರೆದಿದ್ದಾರೆ. ಅಷ್ಟು ಪಾಚಿ ಬೆಳೆಯಲು ಗೊಬ್ಬರ ಎಲ್ಲಿಂದ ಬಂತು ಎಂದು ಕೇಳಿಕೊಂಡಿದ್ದರೆ ಅದೇ ಒಂದು ಪರೀಕ್ಷೆಯಾಗುತ್ತಿತ್ತು. ಮನೆಯ ಪರೀಕ್ಷಾ ಕಿಟ್ಟುಗಳು ಕೊಳೆಯುವಿಕೆಯ ಕೊನೆಯ ಹಂತದ ಉತ್ಪನ್ನಗಳನ್ನು ಅಳೆಯುತ್ತವೆಯೇ ಹೊರತು ಕೊಳೆಯುತ್ತಿರುವ ವಸ್ತುವನ್ನಾಗಲಿ, ಅದನ್ನು ತಿಂದು ಹೆಚ್ಚುವ ಬ್ಯಾಕ್ಟೀರಿಯಾಗಳನ್ನಾಗಲಿ ಅಳೆಯುವುದಿಲ್ಲ. ಚೀಲದ ಗಾಳಿಗೆ ಕಾರಣವೇನೆಂಬುದರ ಬಗ್ಗೆ ಹಲವು ವಿವರಣೆಗಳಿವೆ: ನೀರಿನಲ್ಲಿ ಅನಿಲದ ಅತಿಸಾಂದ್ರತೆ, ಚೀಲದೊಳಗಿನ ಸೋಂಕು, ರಕ್ತದ ಆಮ್ಲೀಯತೆಯ ಏರುಪೇರು. ಈ ಮನೆಯಲ್ಲಿ ಗಂಡಿನ ಚೀಲ ಮತ್ತು ಹೆಣ್ಣಿನ ಬಾಲ ಎರಡೂ ಒಂದೇ ಬೇಸಿಗೆಯಲ್ಲಿ, ಒಂದೇ ನೀರಿನಲ್ಲಿ ಕೆಟ್ಟದ್ದನ್ನು ನೋಡಿದರೆ ಸೋಂಕಿನ ಕಡೆಗೇ ನನ್ನ ಒಲವು.

ಮಾಡಿದ ಬದಲಾವಣೆಗಳು

ಮುಖ್ಯ ನಿರ್ಧಾರ ಮದ್ದನ್ನು ನಿಲ್ಲಿಸುವುದು. ಗಂಡನ್ನು ಆಸ್ಪತ್ರೆ ಟ್ಯಾಂಕಿನಲ್ಲಿಯೇ ಉಳಿಸಿಕೊಂಡು, ವೈದ್ಯರ ಒಪ್ಪಿಗೆಯೊಂದಿಗೆ ಔಷಧಿಯಿಲ್ಲದ ಶುದ್ಧ ನೀರಿನಲ್ಲಿ ಇಟ್ಟರು. ಅಲ್ಲಿಯೂ ರೋಗ ಮರಳಿದರೆ ಪ್ರತಿಜೀವಕದ ಮಾತು, ಇಲ್ಲದಿದ್ದರೆ ಹಾಲ್‌ನ ಟ್ಯಾಂಕನ್ನೇ ಸರಿಪಡಿಸುವ ಮಾತು ಎಂದು ಒಪ್ಪಿಕೊಂಡಿದ್ದೆವು. ರೋಗ ಮರಳಲಿಲ್ಲ. ಇದರಿಂದ ಟ್ಯಾಂಕನ್ನು ಬಿಚ್ಚಿ ಕಟ್ಟಲು ಸಮಯವೂ ಸಿಕ್ಕಿತು, ಧೈರ್ಯವೂ ಬಂತು.

ಉಷ್ಣತೆಗೆ ಮೊದಲು ಯೋಚಿಸಿದ್ದು ನೀರನ್ನು ತಣಿಸುವ ಯಂತ್ರ, ಚಿಲ್ಲರ್. ಬೆಲೆ, ಸದ್ದು, ಜೊತೆಗೆ ನೀರಿನಿಂದ ತೆಗೆದ ಶಾಖವನ್ನು ಅದು ಅದೇ ಕೋಣೆಗೆ ಉಗುಳುತ್ತದೆ ಎಂಬ ಅಂಶ, ಇವನ್ನೆಲ್ಲ ಲೆಕ್ಕ ಹಾಕಿ ಬಿಟ್ಟರು. ಟ್ಯಾಂಕನ್ನು ಪಶ್ಚಿಮದ ಗೋಡೆಯಿಂದ ತೆಗೆದು, ಕಿಟಕಿಯಿಲ್ಲದ ಓದುವ ಕೋಣೆಗೆ ಸಾಗಿಸಿದರು. ಗಾಜಿನ ಮುಚ್ಚಳದ ಬದಲು ಜಾಲರಿ ಹಾಕಿ, ನೀರಿನ ಮೇಲೆ ಅಡ್ಡಲಾಗಿ ಗಾಳಿ ಬೀಸುವ ಸಣ್ಣ ಫ್ಯಾನ್ ಕಟ್ಟಿದರು. ನೀರು ಆವಿಯಾಗುವಾಗ ಶಾಖವನ್ನೂ ಒಯ್ಯುತ್ತದೆ. ಎರಡು ಡಿಗ್ರಿ ಇಳಿಸಲು ಇಷ್ಟು ಸಾಕಾಯಿತು. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆ ಉಳಿಯುತ್ತದೆ. ಆದ್ದರಿಂದ ದಿನವೂ ಆರ್‌ಓ ನೀರು ಸೇರಿಸಿ ಸಾಂದ್ರತೆಯನ್ನು ಕಾಯ್ದುಕೊಳ್ಳಬೇಕಾಯಿತು. ಎಸಿಯ ಬಗ್ಗೆ ತಾಯಿ ಮಗಳ ನಡುವೆ 75 ಫ್ಯಾರನ್‌ಹೀಟ್‌ಗೆ ರಾಜಿಯಾಯಿತು, ತಾಯಿಯ ಕೋಣೆಗೆ ಗಾಳಿ ಬರುವ ಕಿಂಡಿಯನ್ನು ಮುಚ್ಚಿದರು. ನೀರಿನ ಗರಿಷ್ಠ ಉಷ್ಣತೆ 23.5 ಸೆಲ್ಸಿಯಸ್‌ನಲ್ಲಿ ನಿಂತಿತು.

ಕ್ಯಾನಿಸ್ಟರ್ ಫಿಲ್ಟರ್ ಹೋಯಿತು. ಅದರಲ್ಲಿ ದೋಷವಿದ್ದದ್ದಲ್ಲ, ಕಪಾಟಿನೊಳಗೆ, ಮುಚ್ಚಳದ ಕೆಳಗೆ, ಬಿಚ್ಚಲು ಅರ್ಧ ಗಂಟೆ ಹಿಡಿಯುವ ಸಾಧನವನ್ನು ಯಾರೂ ವಾರಕ್ಕೊಮ್ಮೆ ತೊಳೆಯುವುದಿಲ್ಲ ಎಂಬುದು ಕಾರಣ. ಅದರ ಜಾಗಕ್ಕೆ ಟ್ಯಾಂಕಿನ ಹಿಂಬದಿಗೆ ತೂಗುವ ಫಿಲ್ಟರ್, ಕರಗಿದ ಸಾವಯವ ವಸ್ತುಗಳನ್ನು ನೊರೆಯಾಗಿ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಬಂದವು. ಸ್ಕಿಮ್ಮರ್‌ನ ಸಣ್ಣ ಗುಳ್ಳೆಗಳಿಂದಲೇ ಚೀಲದಲ್ಲಿ ಗಾಳಿ ತುಂಬುತ್ತದೆ ಎಂಬ ಭಯ ಹವ್ಯಾಸಿಗಳಲ್ಲಿ ವ್ಯಾಪಕವಾಗಿದೆ, ಶ್ರೀಮತಿ ಕ ಅವರಿಗೂ ಇತ್ತು. ಕಣ್ಣಿಗೆ ಕಾಣುವ ಗುಳ್ಳೆ ತೇಲಿ ಮೇಲೆ ಹೋಗಿ ಒಡೆಯುತ್ತದೆ. ಹೊರಹೋಗುವ ನೀರಿಗೆ ಒಂದು ಸ್ಪಂಜು ಅಡ್ಡ ಇಟ್ಟು ಆ ಭಯವನ್ನು ನಿವಾರಿಸಿದೆವು. ಕಲ್ಲುಗಳಲ್ಲಿ ಮೂರನೇ ಎರಡು ಭಾಗ ತೆಗೆದರು. ಮರಳನ್ನು ತೆಳುವಾಗಿಸಿದರು. ಬಾಲ ಸುತ್ತಲು ಕೃತಕ ಹವಳದ ಕಡ್ಡಿಗಳು, ಮೇಲೆತ್ತಿ ತೊಳೆಯಲು ಬರುವಂಥವು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಊಟದ ಪದ್ಧತಿ ಎಂದು ನನಗನ್ನಿಸುತ್ತದೆ. ಮೈಸಿಸನ್ನು ಕರಗಿಸಿ, ಚಹಾ ಸೋಸುವ ಜಾಲರಿಯಲ್ಲಿ ತೊಳೆದು, ಕರಗಿದ ರಸವನ್ನು ಚೆಲ್ಲಿ, ಉದ್ದನೆಯ ಪಿಪೆಟ್ಟಿನಿಂದ ಒಂದು ಚಪ್ಪಟೆ ಗಾಜಿನ ಬಟ್ಟಲಿಗೆ ಮಾತ್ರ ಬಿಡುವುದು. ಅರ್ಧ ಗಂಟೆಯ ನಂತರ ಉಳಿದದ್ದನ್ನು ಅದೇ ಪಿಪೆಟ್ಟಿನಿಂದ ಹೀರಿ ತೆಗೆಯುವುದು. ಬಟ್ಟಲಿನ ಬಳಿಗೆ ಬರಲು ಗಂಡಿಗೆ ಕಲಿಸಿದವರು ತಾಯಿ. ಒಂದೇ ಹೊತ್ತು, ಒಂದೇ ಸ್ಥಳ, ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟುವುದು. ಎರಡನೆಯ ವಾರಕ್ಕೆ ಬೆರಳು ತಟ್ಟಿದೊಡನೆ ಗಂಡು ಬಟ್ಟಲಿನ ಅಂಚಿಗೆ ಬಾಲ ಸುತ್ತಿ ಕಾಯತೊಡಗಿತು. ಎಷ್ಟು ತಿಂದಿತು, ಎಷ್ಟು ಬಿಟ್ಟಿತು ಎಂಬುದನ್ನು ಅವರು ಕ್ಯಾಲೆಂಡರಿನ ಮೇಲೆ ಅಂಕಿಯಲ್ಲಿ ಬರೆದಿಡುತ್ತಿದ್ದರು. ಆಮೇಲೆ ನಾನು ಓದಿದ ದಾಖಲೆಗಳಲ್ಲಿ ಪರೀಕ್ಷಾ ಕಿಟ್ಟಿನ ಅಂಕಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕ್ಯಾಲೆಂಡರೇ.

ಫಲಿತಾಂಶ, ಉಳಿದ ಪ್ರಶ್ನೆಗಳು

ಸೆಪ್ಟೆಂಬರ್ ಮಧ್ಯದಲ್ಲಿ ಗಂಡು ದೊಡ್ಡ ಟ್ಯಾಂಕಿಗೆ ಮರಳಿತು. ಚೀಲದಲ್ಲಿ ಗಾಳಿ ಮತ್ತೆ ಕಾಣಿಸಿಕೊಂಡಿಲ್ಲ. ಅದಾದ ಮೇಲೆ ಒಂದು ಪೂರ್ಣ ಬೇಸಿಗೆಯೂ ಕಳೆದಿದೆ. ಉಷ್ಣತೆ, ಕೊಳೆ, ಊಟದ ಕ್ರಮ ಮೂರನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದರ ಪಾಲು ಎಷ್ಟೆಂದು ಈ ಒಂದು ಪ್ರಕರಣದಿಂದ ಬೇರ್ಪಡಿಸಲಾಗದು. ಕಾಯಿಲೆ ಬಿದ್ದ ಪ್ರಾಣಿ ಕೈಯಲ್ಲಿರುವಾಗ ಒಂದೊಂದನ್ನೇ ಬದಲಿಸಿ ನೋಡುತ್ತ ಕೂರುವುದೂ ಸರಿಯಲ್ಲ. ಇಷ್ಟನ್ನಂತೂ ಹೇಳಬಹುದು: ಚಿಕಿತ್ಸೆ ಫಲಿಸಿ ಪ್ರಾಣಿ ಅದೇ ನೀರಿಗೆ ಹೋದ ಮೇಲೆ ರೋಗ ಮರಳಿದರೆ, ಎರಡನೆಯ ಸಲವೇ ಮದ್ದಿನ ಹುಡುಕಾಟ ನಿಲ್ಲಿಸಿ ನೀರಿನ ಕಡೆ ತಿರುಗಬೇಕಿತ್ತು. ಹಾಗೆ ಮಾಡಿದ್ದರೆ ಹೆಣ್ಣು ಉಳಿಯುತ್ತಿತ್ತೇ ಎಂದು ಶ್ರೀಮತಿ ಕ ಕೇಳಿದ್ದಾರೆ. ಬಾಲದ ಕಲೆ ಜುಲೈ ಕೊನೆಯಲ್ಲಿ ಕಂಡದ್ದು. ಗಂಡು ಮೊದಲ ಮದ್ದಿನ ನಂತರ ಮತ್ತೆ ಕಾಯಿಲೆ ಬಿದ್ದದ್ದು ಅದಕ್ಕೂ ಮೊದಲು. ಅವಕಾಶ ಇತ್ತು ಎಂದೇ ಉತ್ತರಿಸಿದೆ.

ಜೋಡಿ ಕಳೆದುಕೊಂಡ ಕಡಲಕುದುರೆ ಕೊರಗಿ ಸಾಯುತ್ತದೆ ಎಂಬ ಮಾತು ಬಹಳ ಜನಪ್ರಿಯ. ಈ ಗಂಡು ಹೆಣ್ಣು ಸತ್ತ ಮೂರನೆಯ ದಿನದಿಂದ ಎಂದಿನಂತೆ ತಿಂದಿತು, ಚಳಿಗಾಲವೆಲ್ಲ ಒಂಟಿಯಾಗಿಯೇ ಚೆನ್ನಾಗಿತ್ತು. ಆ ಮಾತಿನ ಒತ್ತಡಕ್ಕೆ ಸಿಕ್ಕಿ ಅವಸರದಲ್ಲಿ ಇನ್ನೊಂದು ಹೆಣ್ಣನ್ನು ತರದೆ ಇದ್ದದ್ದು ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಸಂಯಮದ ನಿರ್ಧಾರ. ಹೆಣ್ಣು ಬಂದರೆ ಬಸಿರಿನ ಸಾಲು ಶುರುವಾಗುತ್ತದೆ. ಒಂದೊಂದು ಹೆರಿಗೆಗೂ ನೂರಾರು ಮರಿ, ಅವಕ್ಕೆ ಪ್ರತ್ಯೇಕ ಟ್ಯಾಂಕ್, ತಿನ್ನಲು ದಿನವೂ ಮೊಟ್ಟೆಯೊಡೆಸಿದ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ಆಗದ ಮಾತು. ವಸಂತದಲ್ಲಿ ಅದೇ ತಳಿಗಾರರಿಂದ ಇನ್ನೊಂದು ಗಂಡನ್ನು ತರಿಸಿ, ಆರು ವಾರ ಆಸ್ಪತ್ರೆ ಟ್ಯಾಂಕಿನಲ್ಲಿ ಪ್ರತ್ಯೇಕವಾಗಿರಿಸಿ, ಆಮೇಲೆ ಜೊತೆಗೆ ಬಿಟ್ಟರು. ಮೂಲ ಬೇರೆಯಾದ ಪ್ರಾಣಿಗಳನ್ನು ಬೆರೆಸಿದರೆ ಒಂದಕ್ಕೆ ರೂಢಿಯಾದ ಸೂಕ್ಷ್ಮಜೀವಿ ಇನ್ನೊಂದಕ್ಕೆ ರೋಗವಾಗಬಹುದೆಂಬ ಎಚ್ಚರಿಕೆಯಿಂದ ಅದೇ ತಳಿಗಾರರನ್ನು ಆರಿಸಿಕೊಂಡರು.

ಈ ವ್ಯವಸ್ಥೆಯ ದುರ್ಬಲ ಕೊಂಡಿ ಮಧ್ಯಾಹ್ನದ ಊಟ. ನವೆಂಬರಿನಲ್ಲಿ ತಾಯಿ ಊರಿಗೆ ಮರಳಿದ ಮೇಲೆ ಮತ್ತೆ ಎರಡು ಹೊತ್ತಿಗೆ ಇಳಿಸಬೇಕಾಯಿತು. ಬೆಳೆದ ಪ್ರಾಣಿಗೆ ಎರಡು ಹೊತ್ತು ಸಾಲುತ್ತದೆ, ಮೈ ಇಳಿದಿಲ್ಲ. ಆದರೆ ಹೆಪ್ಪುಗಟ್ಟಿಸಿದ ಆಹಾರವನ್ನು ಕರಗಿಸಿ, ಬಡಿಸಿ, ಉಳಿದದ್ದನ್ನು ತೆಗೆಯುವ ಕೆಲಸ ಸ್ವಯಂಚಾಲಿತ ಯಂತ್ರದಿಂದ ಆಗುವಂಥದ್ದಲ್ಲ. ವಾರಾಂತ್ಯಕ್ಕೆ ಮನೆ ಬೀಗ ಹಾಕಿ ಹೊರಡುವಂತಿಲ್ಲ. ಕಳೆದ ಡಿಸೆಂ‌ಬರಿನಲ್ಲಿ ಊರಿನ ಮದುವೆಗೆ ಗಂಡ ಮೊದಲು ಹೋಗಿ ಬಂದು, ಹೆಂಡತಿ ಆರತಕ್ಷತೆಯೂ ಮುಗಿದ ಮೇಲೆ ಊರು ತಲುಪಿದ್ದಕ್ಕೆ ಕಾರಣ ಈ ಒಂದು ಕಡಲಕುದುರೆ. ಈ ವರ್ಷ ಇಬ್ಬರೂ ಒಟ್ಟಿಗೆ ಹೋಗಬೇಕೆಂದಿದ್ದಾರೆ. ಪಿಪೆಟ್ಟು ಹಿಡಿಯಲು ಕಲಿಯುತ್ತೇನೆಂದು ಒಪ್ಪಿಕೊಂಡ ನೆರೆಮನೆಯ ಕಾಲೇಜು ಹುಡುಗನಿಗೆ ಅಕ್ಟೋಬರಿನಿಂದ ವಾರಕ್ಕೆರಡು ಸಂಜೆ ತರಬೇತಿ ನಡೆದಿದೆ. ಅವನು ಬಡಿಸಿದ ದಿನಗಳಲ್ಲಿ ಬಟ್ಟಲಿನಲ್ಲಿ ಉಳಿಯುವ ಮೈಸಿಸ್ ಸದ್ಯಕ್ಕೆ ಇನ್ನೂ ಹೆಚ್ಚೇ ಇದೆ.